ವಾಡೆಗೆ ಬಂದ ಸಿನಿಮಾ

ಕಳೆದ ವಾರ ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನಲ್ಲಿ ಬಾಗೇವಾಡಿಯ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಹೆಂಗಸು ಉಡಿಯಲ್ಲಿ ಶೇಂಗಾ ಹಾಕಿಕೊಂಡು ಸುಲಿಯುತ್ತ, ಚೀಲಕ್ಕೆ ಆನಿಸಿಟ್ಟ ಮೊಬೈಲಿನಲ್ಲಿ ಸಿನಿಮಾ ನೋಡುತ್ತಿದ್ದಳು. ದನಿಯನ್ನು ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಷ್ಟು ಏರಿಸಿದ್ದಳು. ಮೊದಲು ಕುದುರೆಗಳ ಸದ್ದು, ಆಮೇಲೆ ನಗಾರಿ, ಆಮೇಲೆ ಒಂದು ಹೆಣ್ಣಿನ ನಗು. ಆ ನಗು ಕಿವಿಗೆ ಬಿದ್ದದ್ದೇ ನನ್ನ ಬಾಯಿ ಕಹಿಯಾಯಿತು. ಪರದೆಯ ಕಡೆ ನೋಡುವ ಅಗತ್ಯವೇ ಇರಲಿಲ್ಲ. ಈಗ ರಾಣಿ ಕೂದಲು ಬಿಚ್ಚಿಕೊಂಡು ಅಂಗಳದಲ್ಲಿ ನಿಂತಿರುತ್ತಾಳೆ. ನೆಲದೊಳಗಿನ ಕಾಳಿನ ಹಗೇವಿನಿಂದ ಸತ್ತ ಸೈನಿಕರು ಒಬ್ಬೊಬ್ಬರಾಗಿ ಎದ್ದು ಬರುತ್ತಾರೆ. ಅವರಲ್ಲಿ ಬಿಳಿ ಗಡ್ಡದವನು ನಮ್ಮ ಸಣ್ಣಕಾಕಾ.

"ಹೆದರಿಕಿ ಬರೂದಿಲ್ಲೇನ್ರಿ ಇದನ್ನ ನೋಡಿದ್ರ?" ಎಂದು ಕೇಳಿದೆ.

"ಹಗಲ್ಹೊತ್ತಿನ್ಯಾಗ ಎಂಥಾ ಹೆದರಿಕಿರಿ," ಎಂದಳು ಆಕೆ, ನನಗೂ ಒಂದು ಹಿಡಿ ಶೇಂಗಾ ಕೊಡುತ್ತ. "ಆದ್ರ ಇದು ಖರೇನ ನಡದದ್ದಂತ್ರಿ. ಇಂಡಿ ಕಡೆ ಯಾವುದೋ ಊರಾಗ."

ಆ ಊರು ನನ್ನದು. ಇಂಡಿಯಿಂದ ಸಿಂದಗಿಯ ಕಡೆ ಹೋಗುವ ದಾರಿಯಲ್ಲಿ ಒಂದು ಕಡೆ ಹೊರಳಿದರೆ ಸಿಗುತ್ತದೆ. ಇದಕ್ಕಿಂತ ಹೆಚ್ಚು ಗುರುತು ನಿಮಗೆ ಹೇಳಲಾರೆ, ಬೇಸರ ಮಾಡಿಕೊಳ್ಳಬೇಡಿ. ಈಗಾಗಲೇ ಅಲ್ಲಿಗೆ ದೆವ್ವ ನೋಡಲು ಬರುವವರು ಸಾಕಷ್ಟಿದ್ದಾರೆ.

ನಮ್ಮೂರಿನ ನಡುವೆ ಒಂದು ವಾಡೆಯಿದೆ. ವಾಡೆಯೆಂದರೆ ಕೋಟೆಯಂಥ ಮಣ್ಣಿನ ಗೋಡೆ ಸುತ್ತುವರಿದ ದೊಡ್ಡ ಮನೆ. ದಪ್ಪ ಮೊಳೆ ಬಡಿದ ಹೆಬ್ಬಾಗಿಲು, ಒಳಗೆ ಅಂಗಳ, ಒಂದು ಸಿಹಿನೀರಿನ ಬಾವಿ, ಬೇವಿನ ಗಿಡ, ಅದರ ಬುಡಕ್ಕೆ ಕಟ್ಟಿದ ಕಲ್ಲಿನ ಕಟ್ಟೆ. ಒಂದು ಕಾಲದಲ್ಲಿ ಸುತ್ತಲಿನ ಹಳ್ಳಿಗಳನ್ನು ಆಳಿದ ದೇಸಾಯರ ಮನೆತನದ್ದು. ಸಂಸ್ಥಾನ ಎನ್ನಲು ತೀರ ಸಣ್ಣದು, ಆದರೆ ನಮ್ಮ ಪಾಲಿಗೆ ಅದೇ ಅರಮನೆ, ಅವರೇ ರಾಜರು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ರಾಜರು ಹೋಗಿ ಒಬ್ಬ ರಾಜಕುಮಾರಿ ಮಾತ್ರ ಉಳಿದಿದ್ದರು. ಅವರ ಹೆಸರು ನೀಲಾಬಾಯಿ. ಊರೆಲ್ಲ ಕರೆಯುತ್ತಿದ್ದುದು ಅಕ್ಕಾಸಾಹೇಬ್ರು ಎಂದು. ಮೀರಜದ ಕಡೆ ಕೊಟ್ಟಿದ್ದರು, ಗಂಡ ಬೇಗ ತೀರಿಕೊಂಡು ತವರಿಗೆ ಮರಳಿದ್ದರು. ಅಣ್ಣಂದಿರು ಹೊಲ ಮಾರಿಕೊಂಡು ಸೊಲ್ಲಾಪುರ, ಪುಣೆ ಸೇರಿದ ಮೇಲೆ ಅವರು ವಾಡೆಯ ಮುಂದಿನ ಪಡಸಾಲೆಯಲ್ಲಿ ಹೊಲಿಗೆ ಕಲಿಸಲು ಶುರುಮಾಡಿದರು.

ಆ ಪಡಸಾಲೆಯ ಸದ್ದನ್ನು ನೀವು ಕೇಳಬೇಕಿತ್ತು. ಹೊಲಿಗೆ ಮಷಿನ್‌ಗಳ ಟಕಟಕ, ಹುಡುಗಿಯರ ನಗು, ನಡುನಡುವೆ ಅಕ್ಕಾಸಾಹೇಬರ ಗದರಿಕೆ. "ದೇಸಾಯರ ವಾಡೇದಾಗ ಕಲತಾಕಿ ಅಂದ್ರ ಕಾಜಾ ನೆಟ್ಟಗಿರಬೇಕು, ತಿಳೀತಿಲ್ಲೋ?" ಸಿಂಹಾಸನ ಹೋದರೂ ಹುಕುಂ ಹೋಗಿರಲಿಲ್ಲ. ಗುಂಡಿ ಹಾಕುವ ಕಾಜಾದ ಮೇಲಾದರೂ ನಡೆಯುತ್ತಿತ್ತು. ನನ್ನ ಕಾಲೇಜು ನೌಕರಿಯ ಸಂದರ್ಶನಕ್ಕೆ ಅಂಗಿ ಹೊಲಿದುಕೊಟ್ಟವರೂ ಅವರೇ. ನಾನು ದಪ್ಪಗಾಗುತ್ತೇನೆಂದು ಮುಂದಾಲೋಚಿಸಿ ಎಷ್ಟು ಸಡಿಲು ಬಿಟ್ಟಿದ್ದರೆಂದರೆ, ಸಂದರ್ಶನದಲ್ಲಿ ಕೂತವರು ಪ್ರಶ್ನೆ ಕೇಳುವ ಮೊದಲು ಅಂಗಿಯೊಳಗೆ ನಾನೆಲ್ಲಿದ್ದೇನೆಂದು ಹುಡುಕಿದರು. ಅವರ ಅಂದಾಜು ಸುಳ್ಳಾಗಲಿಲ್ಲ. ಇವತ್ತು ಆ ಅಂಗಿ ನನಗೆ ಬಿಗಿ.

ಬೇವಿನ ಗಿಡದ ಕಟ್ಟೆಗೆ ಹಿರೇಬಾಯಿ ಕಟ್ಟೆ ಎಂದು ಹೆಸರು. ಹಿರೇಬಾಯಿ ಆ ಮನೆತನದ ಹಳೆಯ ದೊರೆಸಾನಿ. ಯಾವ ಕಾಲದ ಯುದ್ಧವೋ, ಯಾರ ದಂಡೋ, ಹೇಳುವವರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಆದರೆ ನಡೆದದ್ದರಲ್ಲಿ ಯಾರ ಮಾತಿಗೂ ಫರಕು ಇರಲಿಲ್ಲ. ದೇಸಾಯಿ ಹೊಲದಲ್ಲೇ ಕಾದಾಡಿ ಸತ್ತ. ದಂಡು ಊರಿಗೆ ಬೆಂಕಿ ಹಚ್ಚುತ್ತ ಬಂತು. ಬಾಗಿಲು ಹಾಕಿಕೊಂಡು ಮಕ್ಕಳೊಂದಿಗೆ ಬದುಕಿಕೋ ಎಂದು ಕಾರಭಾರಿ ಹೇಳಿದರೆ, ಹಿರೇಬಾಯಿ ಹೆಬ್ಬಾಗಿಲು ತೆಗೆಸಿ ಇಡೀ ಊರನ್ನು ಒಳಗೆ ಕರೆದುಕೊಂಡಳು. ಹಗೇವಿನ ಜೋಳವನ್ನು ಎಲ್ಲರಿಗೂ ಸಮನಾಗಿ ಅಳೆದು ಕೊಟ್ಟಳು. ಅಷ್ಟು ಜನ ತುಂಬಿದ ಜಾಗದಲ್ಲಿ ರೋಗ ಬಿತ್ತು. ಅವಳ ಎರಡೂ ಮಕ್ಕಳು ತೀರಿಕೊಂಡವು. ದಂಡು ಬೇಸತ್ತು ಹೋಯಿತು, ಊರು ಉಳಿಯಿತು. ಮಕ್ಕಳನ್ನು ಮಣ್ಣು ಮಾಡಿದ ಜಾಗದಲ್ಲಿ ಕಟ್ಟೆ ಕಟ್ಟಿಸಿ, ಮೈದುನನ ಮಗನನ್ನು ದತ್ತು ತೆಗೆದುಕೊಂಡು, ಹಿರೇಬಾಯಿ ಮುಪ್ಪಿನವರೆಗೆ ಅದರ ಮೇಲೆ ಕೂತು ಊರಿನ ನ್ಯಾಯ ಬಗೆಹರಿಸಿದಳಂತೆ. ಅಂದಿನಿಂದ ಊರಿಗೆ ಯಾರ ಮನೆಯ ಹೊಸ ಸೊಸೆ ಬಂದರೂ, ಯಾವ ಜಾತಿಯವಳೇ ಇರಲಿ, ಮಡಿಲಿಗೆ ಕಾಳು, ಕೊಬ್ಬರಿ ಹಾಕಿ ಮೊದಲ ಉಡಿ ತುಂಬುವುದು ಆ ಕಟ್ಟೆಯ ಮೇಲೆ. ಮಕ್ಕಳನ್ನು ಕಳೆದುಕೊಂಡವಳು ಕೊಡುವ ಆಶೀರ್ವಾದ ದೊಡ್ಡದೆಂಬ ನಂಬಿಕೆ. ನನ್ನ ಹೆಂಡತಿಗೂ ಅಲ್ಲಿಯೇ ಉಡಿ ತುಂಬಿದ್ದರು.

ಈ ಕತೆಯನ್ನು ಹುಡುಕಿಕೊಂಡೇ ಸಿನಿಮಾದವರು ಬಂದರು.

ನಿರ್ದೇಶಕ ದಕ್ಷಿಣದ ಕಡೆಯ ಮಿದು ಮಾತಿನ ತರುಣ. ಪಡಸಾಲೆಯಲ್ಲಿ ಚಪ್ಪಲಿ ಕಳಚಿಟ್ಟು ನೆಲದ ಮೇಲೆಯೇ ಕೂತ. ಅಕ್ಕಾಸಾಹೇಬರು ಹೇಳಿದ್ದನ್ನೆಲ್ಲ ಕಣ್ಣು ಮಿಟುಕಿಸದೆ ಕೇಳಿ, "ಅಮ್ಮಾ, ಮೈ ಜುಂ ಅಂತು. ಈ ತಾಯಿಯನ್ನ ಇಡೀ ದೇಶಕ್ಕೆ ತೋರಿಸ್ಬೇಕು," ಎಂದ. ಅಕ್ಕಾಸಾಹೇಬರ ಕಣ್ಣು ತುಂಬಿದವು. ಅವನು ಹೋದ ಮೇಲೆ ನನಗೆ ಅಂದರು: "ನಮ್ಮ ಹಿರೇಬಾಯಿ ಹೆಸರು ಈ ಊರಿನ ಗ್ವಾಡಿ ದಾಟಿ ಹೋಗಿಲ್ಲ ತಮ್ಮಾ. ನನ್ನ ಹಿಂದ ಹೇಳವ್ರು ಯಾರದಾರ? ಮಾಡಲಿ, ಛಲೋ ಆತು."

ಆ ಚಳಿಗಾಲವೆಲ್ಲ ನಮ್ಮೂರಿಗೆ ಹಬ್ಬ. ನನ್ನನ್ನು ಭಾಷಾ ಸಲಹೆಗಾರ ಎಂದು ನೇಮಿಸಿದ್ದರು. ನಾನು ಮುದ್ದೇಬಿಹಾಳದ ಕಾಲೇಜಿಗೆ ರಜೆ ಹಾಕಿ ಬಂದು ದಿನವಿಡೀ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದೆ. ನನ್ನ ಸಲಹೆಯನ್ನು ಯಾರೂ ಕೇಳಲಿಲ್ಲ. ಕೊನೆಗೆ ಪಾಪವೆನ್ನಿಸಿ ತಲೆಗೆ ರುಮಾಲು ಸುತ್ತಿಸಿ ಜನಜಂಗುಳಿಯಲ್ಲಿ ನಿಲ್ಲಿಸಿದರು. ಅದಕ್ಕಾಗಿ ನಾನು ಮೀಸೆ ಬೆಳೆಸಿದ್ದೆ. ಸಿನಿಮಾದಲ್ಲಿ ಕಾಣಿಸಿದ್ದು ನನ್ನ ಮೊಳಕೈ.

ಅಕ್ಕಾಸಾಹೇಬರು ತಮ್ಮ ಅಜ್ಜಿಯ ಇಳಕಲ್ಲ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ನಾಯಕಿಗೆ ಉಡಿಸಿದರು. ತಲೆಯ ಮೇಲೆ ಸೆರಗು ಹ್ಯಾಗೆ ನಿಲ್ಲಬೇಕು, ದೊರೆಸಾನಿಯಾದವಳು ಹೊಸ್ತಿಲು ಹ್ಯಾಗೆ ದಾಟಬೇಕು, ಎಲ್ಲ ಕಲಿಸಿದರು. ಆ ಹುಡುಗಿಯೂ ಒಳ್ಳೆಯವಳು, ಶ್ರದ್ಧೆಯಿಂದ ಕಲಿತಳು. ಒಂದೇ ಒಂದು ಸಲ ಅಕ್ಕಾಸಾಹೇಬರಿಗೆ ಇರುಸುಮುರುಸಾಯಿತು. ಪ್ರತಿವರ್ಷ ತಾವೇ ನಿಂತು ಸುಣ್ಣ ಹೊಡೆಸುತ್ತಿದ್ದ ಗೋಡೆಗಳಿಗೆ ಸಿನಿಮಾದ ಕೆಲಸಗಾರರು ಕರಿ ಬಣ್ಣ ಬಳಿದು, ತೊಲೆಗಳಿಗೆ ಅಂಟಿನ ಜೇಡರಬಲೆ ಹಬ್ಬಿಸುತ್ತಿದ್ದರು.

"ಇಷ್ಟು ಸ್ವಚ್ಛ ಮನಿಗೆ ಜ್ಯಾಡ ಯಾಕ ಹಚ್ಚಾಕತ್ತೀರ್ಯೋ?" ಎಂದು ಕೇಳಿದರು.

"ಹಳೇ ಮನೆ ಹಳೇದಾಗಿ ಕಾಣ್ಬೇಕಲ್ಲಮ್ಮಾ," ಎಂದ ಏಣಿಯ ಮೇಲಿದ್ದವನು.

ಸಿನಿಮಾ ಸಿಂದಗಿಯ ಟಾಕೀಸಿಗೆ ಬಂದಾಗ ಊರಿಗೆ ಊರೇ ಟ್ರ್ಯಾಕ್ಟರು, ಟಂಟಂ ಹತ್ತಿ ಮಧ್ಯಾಹ್ನದ ಆಟಕ್ಕೆ ಹೊರಟಿತು. ಅಕ್ಕಾಸಾಹೇಬರು ಹಸಿರು ಸೀರೆ ಉಟ್ಟು ನಮ್ಮ ನಡುವೆ ಕೂತಿದ್ದರು. ಶುರುವಿನಲ್ಲಿ ಸಣ್ಣ ಅಕ್ಷರಗಳು ಒಂದಿಷ್ಟು ಬಂದು ಹೋದವು. ಓದುವಷ್ಟರಲ್ಲಿ ಮಾಯ. ಆಮೇಲೆ ವಾಡೆ ಕಂಡಿತು. ಜನ ಸೀಟಿ ಹೊಡೆದರು. ಯುದ್ಧದಲ್ಲಿ ದೇಸಾಯಿ ಸತ್ತ. ದಂಡು ಬಂತು. ಊರಿನವರು ಅಳುತ್ತ ಹೆಬ್ಬಾಗಿಲಿಗೆ ಓಡಿಬಂದು ಬಡಿದರು. ಒಳಗೆ ರಾಣಿ, ಅಕ್ಕಾಸಾಹೇಬರು ಕಲಿಸಿದ ಹಾಗೆಯೇ ಸೆರಗು ಹೊದ್ದುಕೊಂಡು, ಹೊಸ್ತಿಲ ಬಳಿ ಬಂದಳು. ಬಂದು ಅಗುಳಿ ಹಾಕಿದಳು.

ಅಲ್ಲಿಂದ ಮುಂದಿನದನ್ನು ನಾನು ವಿವರಿಸುವುದಿಲ್ಲ. ಹಗೇವಿನೊಳಗೆ ಒಂದು ಕರಿಯ ಶಕ್ತಿ ಇರುತ್ತದೆ. ರಾಣಿ ವಂಶ ಉಳಿಸಿಕೊಳ್ಳಲು ಅದರೊಂದಿಗೆ ಒಪ್ಪಂದಕ್ಕೆ ಬರುತ್ತಾಳೆ. ಒಪ್ಪಂದಕ್ಕೆ ಬಲಿ ಬೇಕು. ಬಲಿಯಾಗುವವು ಅವಳದೇ ಮಕ್ಕಳು. ಹೆಣಗಳು ಎದ್ದು ಯುದ್ಧ ಮಾಡುತ್ತವೆ. ರಾಣಿಯ ನಾಲಗೆ ಕಪ್ಪಾಗುತ್ತದೆ. ಎಲ್ಲರ ಹೆಸರೂ ಬದಲಾಗಿತ್ತು, ಆಕೆಯದೊಂದು ಬಿಟ್ಟು. ಆಕೆ ಹಿರೇಬಾಯಿಯೇ ಆಗಿದ್ದಳು.

ಟಾಕೀಸಿನಲ್ಲಿ ಜನ ಕಲ್ಲಾಗಿ ಕೂತರು ಎಂದು ಬರೆಯಲು ನನಗೂ ಆಸೆ. ಹಾಗೆ ಆಗಲಿಲ್ಲ. "ಏ, ಅಲ್ನೋಡ್ರಲೇ, ನಮ್ಮ ಮಲ್ಲ್ಯಾ ಎದ್ದಾ!" ಎಂದು ಕೂಗು ಬಿತ್ತು. ಹೆಣವಾಗಿ ಎದ್ದವರೆಲ್ಲ ನಮ್ಮವರೇ. ಒಬ್ಬೊಬ್ಬ ಎದ್ದಾಗಲೂ ಚಪ್ಪಾಳೆ, ನಗು. ಮಧ್ಯಂತರದಲ್ಲಿ ಯಾರೋ ಅಕ್ಕಾಸಾಹೇಬರಿಗೆ ಸೋಡಾ ತಂದುಕೊಟ್ಟರು. ಅವರು ಬಾಟಲಿಯನ್ನು ಕೈಯಲ್ಲಿ ಹಿಡಿದೇ ಕೂತಿದ್ದರು.

"ತಮ್ಮಾ, ಮುಂದ ಬಾಗಿಲಾ ತಗೀತಾಳೇನ?" ಎಂದು ಕೇಳಿದರು.

"ತಗೀತಾಳ್ರಿ. ಇನ್ನೂ ಅರ್ಧಾ ಐತಲ್ಲ," ಎಂದೆ. ನನಗೇನು ಗೊತ್ತಿತ್ತು? ಮೊಳಕೈಗೆ ಪೂರ್ತಿ ಕತೆ ಯಾರು ಹೇಳುತ್ತಾರೆ?

ಅವರು ಕೊನೆಯ ದೃಶ್ಯದವರೆಗೂ ಕಣ್ಣು ಕೀಳದೆ ಕಾದರು. ಬಾಗಿಲು ತೆರೆಯಲಿಲ್ಲ. ಹೊರಗೆ ಬಿಸಿಲಿಗೆ ಬಂದ ಮೇಲೆ, ಗಲಾಟೆಯ ನಡುವೆ, ನನ್ನ ತೋಳು ಹಿಡಿದು ಇಷ್ಟೇ ಅಂದರು: "ತಗೀಲೇ ಇಲ್ಲಲ್ಲೋ."

ಮರುದಿನ ನನ್ನ ಎದುರಿಗೇ ಸ್ಪೀಕರ್ ಹಾಕಿ ನಿರ್ದೇಶಕನಿಗೆ ಫೋನು ಮಾಡಿದರು. ಅವನು ಫೋನೆತ್ತಿದ, ಅದೇ ಮಿದು ದನಿಯಲ್ಲಿ ಮಾತಾಡಿದ. "ಅಮ್ಮಾ, ಇದು ಕಾಲ್ಪನಿಕ ಅಂತ ಮೊದಲೇ ತೋರಿಸಿದೀವಲ್ಲ. ಬರೀ ಒಳ್ಳೇ ರಾಣಿ ಕಥೆ ಮಾಡಿದ್ರೆ ಯಾರು ನೋಡ್ತಾರೆ ಹೇಳಿ?"

"ಕಾಲ್ಪನಿಕ ಆದ್ರ ಹೆಸರು ಯಾಕ ಖರೇದ್ದು ಇಟ್ರಿ?"

"ಹೆಸರಲ್ಲಿ ಒಂದು ಗತ್ತಿತ್ತಮ್ಮಾ," ಎಂದ. ಅವನ ದನಿಯಲ್ಲಿ ನಿಜವಾದ ಮೆಚ್ಚುಗೆಯಿತ್ತು. ಅದೇ ನನಗೆ ಹೆಚ್ಚು ಉರಿಯಿತು.

ಆಮೇಲೆ ನಡೆದದ್ದು ಒಮ್ಮೆಲೇ ನಡೆಯಲಿಲ್ಲ. ಗೋಡೆಗೆ ಎಷ್ಟು ಸಲ ಸುಣ್ಣ ಹೊಡೆದರೂ ಆ ಕರಿ ಬಣ್ಣ ಕೆಳಗಿನಿಂದ ಮತ್ತೆ ಮೂಡುತ್ತಿತ್ತು. ಪಕ್ಕದ ಹಳ್ಳಿಗಳ ಹುಡುಗಿಯರು ಒಬ್ಬೊಬ್ಬರಾಗಿ ಹೊಲಿಗೆಗೆ ಬರುವುದನ್ನು ಬಿಟ್ಟರು. ಪರೀಕ್ಷೆ ಎಂದಳು ಒಬ್ಬಳು, ಮನೆಯಲ್ಲಿ ಕೆಲಸ ಎಂದಳು ಇನ್ನೊಬ್ಬಳು. ದೆವ್ವ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಹೇಳಿದ್ದು ನಮ್ಮ ಮನೆಯಲ್ಲೇ. ನಮ್ಮಣ್ಣನ ಮಗನ ಮದುವೆಯಾಯಿತು. ಹುಡುಗಿ ಚಡಚಣದ ಕಡೆಯವಳು, ದ್ರಾಕ್ಷಿ ತೋಟದವರು. ಸೊಸೆ ಮನೆ ತುಂಬುವ ದಿನ ಎಂದಿನಂತೆ ಮೊದಲು ವಾಡೆಗೆ ಹೋಗೋಣವೆಂದಾಗ ಹುಡುಗಿಯ ತಾಯಿ ಅಡ್ಡ ನಿಂತಳು.

"ಮಕ್ಕಳನ್ನ ತಿಂದಾಕಿ ಕಟ್ಟಿ ಮ್ಯಾಲ ನನ್ನ ಮಗಳ ಉಡಿ ತುಂಬಸ್ತೀರೇನು? ನಾ ಬಿಡೂದಿಲ್ಲ."

ಅದು ಸಿನಿಮಾದ ಸುಳ್ಳು, ನಿಜ ಹೀಗಿದೆ ಎಂದು ನಾನು ಮೊದಲಿನಿಂದ ಕೊನೆಯವರೆಗೂ ಹೇಳಿದೆ. ಪಾಠ ಹೇಳಿ ರೂಢಿಯಾದ ಬಾಯಿ, ಚೆನ್ನಾಗಿಯೇ ಹೇಳಿರಬೇಕು. ಎಲ್ಲರೂ ಕೇಳಿದರು. ನಮ್ಮಣ್ಣ ನನ್ನನ್ನು ಪಕ್ಕಕ್ಕೆ ಕರೆದು, "ನೀ ಇದನ್ನ ಕಾಲೇಜಿನ್ಯಾಗ ಹೇಳು ತಮ್ಮಾ. ಇದು ಸಂಸಾರ. ನಾಳೆ ಏನರ ಹೆಚ್ಚುಕಡಿಮಿ ಆದ್ರ ಯಾರು ಉತ್ತರಾ ಕೊಡವ್ರು?" ಎಂದ. ಅವನ ಹೆಂಡತಿಗೂ ಅದೇ ಕಟ್ಟೆಯ ಮೇಲೆ ಉಡಿ ತುಂಬಿದ್ದರು, ಈ ಮದುಮಗ ಹುಟ್ಟಿದ್ದೂ ಆಮೇಲೆಯೇ. ನೆನಪಿಸಿದೆ. ಅವನು ಹುಡುಗಿಯ ಕಡೆಯವರತ್ತ ನಡೆದ.

ನಾನೇ ವಾಡೆಗೆ ಹೋದೆ. ಅಕ್ಕಾಸಾಹೇಬರು ಕಟ್ಟೆ ತೊಳೆದು ರಂಗೋಲಿ ಹಾಕಿ, ತಟ್ಟೆಯಲ್ಲಿ ಜೋಳ, ಕೊಬ್ಬರಿಬಟ್ಟಲು, ಉತ್ತತ್ತಿ, ಅರಿಷಿಣಕೊಂಬು ಇಟ್ಟುಕೊಂಡು ಕೂತಿದ್ದರು. ಜೊತೆಗೆ ತಾವೇ ಹೊಲಿದ ಒಂದು ಕುಬಸ. ನಾನು ಒಬ್ಬನೇ ಬಂದದ್ದು ನೋಡಿಯೇ ಅವರಿಗೆ ತಿಳಿಯಿತು.

"ಹುಡುಗಿ ಹೆಸರೇನೋ?" ಎಂದರು.

"ಪೂರ್ಣಿಮಾ."

"ಛಲೋ ಹೆಸರು." ಕುಬಸವನ್ನು ಮಡಚಿ ನನ್ನ ಕೈಗಿಟ್ಟರು. "ಇದನ್ನ ಕೊಡಾಕಿಗೆ. ಎಲ್ಲಿಂದ ಬಂತಂತ ಹೇಳಬ್ಯಾಡ, ತೊಡೂದಿಲ್ಲ."

ಅವರು ಸುಮ್ಮನೆ ಸೋಲುವವರಲ್ಲ. ಮರುದಿನ ಪಡಸಾಲೆಯಿಂದ ಮಷಿನ್ ಎತ್ತಿಸಿ ತಂದು ಕಟ್ಟೆಯ ಮೇಲೆಯೇ ಹಾಕಿಸಿದರು. ಹೆಬ್ಬಾಗಿಲನ್ನು ಹಾರುಹೊಡೆದು ಬಿಟ್ಟು, ದಿನವಿಡೀ ಎಲ್ಲರ ಕಣ್ಣಿಗೆ ಬೀಳುವಂತೆ ಅಲ್ಲಿ ಕೂತು ಹೊಲಿದರು. "ಬರಲಿ, ನೋಡಲಿ. ದೆವ್ವಿನ ಮನಿತನದಾಕಿ ಹ್ಯಾಂಗ ಹೊಲೀತಾಳ ಕಾಣಲಿ," ಎನ್ನುತ್ತಿದ್ದರು. ಹೊಲಿಗೆ ಕಲಿಯುವ ಹುಡುಗಿಯರಲ್ಲಿ ಅವರ ಜೊತೆ ಉಳಿದವಳು ಮಾಲನ್‌ಬಿ ಒಬ್ಬಳೇ. ಅವಳ ಮುತ್ತಾತನ ಮುತ್ತಾತ ಆ ಯುದ್ಧದ ಕಾಲಕ್ಕೆ ಇದೇ ವಾಡೆಯೊಳಗೆ ಹುಟ್ಟಿದ್ದನಂತೆ. "ಬಾಗಿಲಾ ತಗೀದಿದ್ರ ನಾವೆಲ್ಲಿರ್ತಿದ್ವಿ ಅಕ್ಕಾಸಾಹೇಬ್ರ?" ಎನ್ನುತ್ತ ಎದುರು ಕೂತು ಹಳೆ ಸೀರೆಗಳ ಕೌದಿ ಹೊಲಿಯುತ್ತಿದ್ದಳು.

ನೋಡಲು ಜನ ಬಂದರು. ಆದರೆ ಮೊಬೈಲು ಹಿಡಿದುಕೊಂಡು ಬಂದರು. ಎಲ್ಲೆಲ್ಲಿಂದಲೋ ಮೋಟರ್‌ಸೈಕಲ್ ಹಾಕಿಕೊಂಡು ಬಂದು, ಬಾವಿಯಲ್ಲಿ ಇಣುಕಿ, ಹಗೇವಿನೊಳಗೆ ಕೂಗಿ, ನಕ್ಕು ಹೋದರು. ಒಂದು ದಿನ ಮಾಲನ್‌ಬಿ ಅಳುತ್ತ ತನ್ನ ಮೊಬೈಲು ತಂದು ತೋರಿಸಿದಳು. ಯಾರೋ ಅಕ್ಕಾಸಾಹೇಬರು ಹೊಲಿಯುತ್ತಿರುವುದನ್ನು ದೂರದಿಂದ ಹಿಡಿದು, ಬಣ್ಣವನ್ನೆಲ್ಲ ತೆಗೆದು, ಸಿನಿಮಾದ ಆ ನಗುವನ್ನು ಸೇರಿಸಿದ್ದರು. ಕೆಳಗೆ ಬರೆದಿತ್ತು: "ಹಿರೇಬಾಯಿಯ ಆತ್ಮ ಇನ್ನೂ ಇಲ್ಲೇ ಇದೆ." ಲಕ್ಷಗಟ್ಟಲೆ ಜನ ನೋಡಿದ್ದರಂತೆ. ಅಕ್ಕಾಸಾಹೇಬರು ಆ ಸಣ್ಣ ಪರದೆಯಲ್ಲಿ ತಮ್ಮನ್ನೇ ಬಹಳ ಹೊತ್ತು ನೋಡಿದರಂತೆ. ಆ ವಾರವೇ ಮಾಲನ್‌ಬಿಯ ಅಪ್ಪ ಬಂದು ಕೈಮುಗಿದು, ಮಗಳಿಗೆ ವರ ನೋಡುತ್ತಿದ್ದೇನೆ, ಅವಳ ಮೋರೆಯೂ ಹೀಗೆ ಮೊಬೈಲಿನಲ್ಲಿ ಬಂದರೆ ಕಷ್ಟ ಎಂದು ಅವಳನ್ನು ಬಿಡಿಸಿಕೊಂಡು ಹೋದ.

ಅಕ್ಕಾಸಾಹೇಬರು ವಾಡೆಗೆ ಕೀಲಿ ಹಾಕಿ ಬಸವನ ಬಾಗೇವಾಡಿಗೆ ಹೋದದ್ದು ಆಮೇಲೆ. ಅಲ್ಲಿ ಪೇಟೆಯ ಒಳ ಓಣಿಯಲ್ಲಿ ಒಂದು ಖೋಲಿ ಹಿಡಿದಿದ್ದಾರೆ. ಮುಂದೆ ಹೊಲಿಗೆ, ಹಿಂದೆ ಅಡಿಗೆ. ಅಲ್ಲಿ ಅವರು ಯಾರಿಗೂ ಅಕ್ಕಾಸಾಹೇಬರಲ್ಲ, ಟೇಲರ್ ಬಾಯಿ.

ಊರಲ್ಲೀಗ ವಾಡೆಯ ಮುಂದೆ ಚಹಾದ ಅಂಗಡಿ ಆಗಿದೆ. ಬಂದವರಿಗೆ ಕತೆ ಹೇಳುವವನು ನಮ್ಮ ಸಣ್ಣಕಾಕಾ. ಸಿನಿಮಾದಲ್ಲಿ ಹೆಣವಾಗಿದ್ದವನೆಂದು ಅವನಿಗೆ ಭಾರೀ ಮರ್ಯಾದೆ. ನಾನು ಸಣ್ಣವನಿದ್ದಾಗ ಹಿರೇಬಾಯಿಯ ಕತೆಯನ್ನು ಕಣ್ಣಿಗೆ ಕಟ್ಟುವಂತೆ ನನಗೆ ಹೇಳಿದವನು ಇದೇ ಕಾಕಾ. ಈಗ ಅವನು ಹಗೇವಿನ ಶಕ್ತಿ, ಬಲಿ, ಕರಿ ನಾಲಗೆ, ಎಲ್ಲವನ್ನೂ ಅಷ್ಟೇ ಚಂದ ಹೇಳುತ್ತಾನೆ. ತಡೆಯಲಾರದೆ ಒಂದು ದಿನ ಕೇಳಿದೆ: "ಕಾಕಾ, ಆಕಿ ಬಾಗಿಲಾ ತಗದಳು ಅಂತ ನೀನ ಹೇಳತಿದ್ದೆಲ್ಲಾ?"

ಕಾಕಾ ನನ್ನನ್ನು ಕನಿಕರದಿಂದ ನೋಡಿದ. "ಮೊದಲ ಹಂಗ ಅಂತಿದ್ದರಪಾ. ಖರೇದ್ದು ಈಗ ಗೊತ್ತಾತು."

ಅವನು ಸುಳ್ಳು ಹೇಳುತ್ತಿರಲಿಲ್ಲ. ನಂಬಿದ್ದ.

ಇದನ್ನೆಲ್ಲ ಬಸ್ಸಿನಲ್ಲಿ ಮೆಲುಕು ಹಾಕುತ್ತ ಆ ದಿನ ಬಾಗೇವಾಡಿಯಲ್ಲಿ ಇಳಿದೆ. ಅಕ್ಕಾಸಾಹೇಬರ ಖೋಲಿಯಲ್ಲಿ ಒಬ್ಬಾಕೆ ಅಳತೆ ಕೊಡುತ್ತಿದ್ದಳು. ಮಾತಿಗೆ ಮಾತು ಬಂದು, "ಬಾಯಾರ, ನಿಮ್ಮೂರು ಯಾವುದ್ರಿ?" ಎಂದು ಕೇಳಿದಳು. ಅಕ್ಕಾಸಾಹೇಬರು ಅಳತೆಯ ಟೇಪಿನಿಂದ ಕಣ್ಣೆತ್ತದೆ, "ಇಲ್ಲೇ, ಬಾಗೇವಾಡೀನ್ರಿ," ಎಂದರು. ನಾನು ಗೋಡೆಯ ಕಡೆ ತಿರುಗಿ ನಿಂತೆ.

ಆಕೆ ಹೋದ ಮೇಲೆ ಚಹಾ ಮಾಡಿಕೊಟ್ಟರು. ಆ ಕತೆಯನ್ನು, ನಿಜವಾದದ್ದನ್ನು, ಬರೆಯಬೇಕೆಂದಿದ್ದೇನೆ ಎಂದೆ. ಅವರು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಬಸಿಯನ್ನು ಪಕ್ಕಕ್ಕಿಟ್ಟು ಅಂದರು:

"ಒಂದು ಮಾತು ಕೇಳತೇನಿ ತಮ್ಮಾ. ಹಿರೇಬಾಯಿ ಮಾರಿ ಹ್ಯಾಂಗಿತ್ತು ಅಂತ ನಿಮ್ಮನಿಯೊಳಗ ಯಾರರ ಹೇಳತಿದ್ರೇನ?"

"ಯಾಕ್ರಿ?"

"ನಮ್ಮಜ್ಜಿ ಹೇಳೂದು ಕೇಳಿ ಕೇಳಿ ನನ್ನ ಕಣ್ಣಾಗ ಒಂದು ಮಾರಿ ಇತ್ತು. ಸಣ್ಣಾಕಿ ಇದ್ದಾಗಿಂದ ಇತ್ತು. ಈಗ ಕಣ್ಣು ಮುಚ್ಚಿದ್ರ ಆ ಸಿನಿಮಾದ ಹುಡಿಗೀದ ಬರ್ತೈತಿ. ನಮ್ಮಜ್ಜಿ ಸೀರಿ ಉಟ್ಕೊಂಡು ಬರ್ತೈತಿ."

ನಾನು ಬಹಳ ನೆನಪು ಮಾಡಿಕೊಂಡೆ. ನನಗೂ ಬರುತ್ತಿದ್ದುದು ಅದೇ ಹುಡುಗಿಯ ಮುಖ. ಕೊನೆಗೆ ನಮ್ಮವ್ವ ಯಾವಾಗಲೋ ಹೇಳಿದ್ದ ಒಂದು ಮಾತು ಸಿಕ್ಕಿತು.

"ಸಿಡುಬಿನ ಕಲಿ ಇದ್ದೂವಂತ್ರಿ ಅಕ್ಕಾಸಾಹೇಬ್ರ. ಗಲ್ಲದ ಮ್ಯಾಲ. ನಮ್ಮವ್ವ ಅಂತಿದ್ಲು."

ಅವರು ಕನ್ನಡಕ ತೆಗೆದು ಮಷಿನ್ ಮೇಲಿಟ್ಟು ಕಣ್ಣು ಮುಚ್ಚಿದರು. ಓಣಿಯಲ್ಲಿ ತರಕಾರಿಯ ಗಾಡಿ ಕೂಗುತ್ತ ಹೋಯಿತು. ಅವರ ತುಟಿಗಳು ಒಂದೆರಡು ಸಲ ಅಲುಗಿದವು, ಯಾರನ್ನೋ ಸಣ್ಣಗೆ ಕರೆದ ಹಾಗೆ.

"ಇಲ್ಲೋ ತಮ್ಮಾ," ಎಂದರು ಕಣ್ಣು ತೆರೆದು. "ಬರವಲ್ಲದು."